ಬಲಗಿವಿಯ ಕೆಂಪು ದಾರ

ಹೆಡ್‌ಫೋನ್ ಆರಿಸುವುದೂ ಒಂದು ವಿದ್ಯೆಯೇನು ಎಂದು ನಗುವವರಿದ್ದಾರೆ. ನಗಲಿ. ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಹತ್ತಿರದ ಒಂದು ಟೇಪು-ರೇಡಿಯೋ ಅಂಗಡಿಯಲ್ಲಿ ನಾನು ಇಪ್ಪತ್ತು ವರ್ಷ ಕೂತು ಎದ್ದವಳು. ಜೇಬಿನಲ್ಲಿ ಸ್ವಲ್ಪವೇ ದುಡ್ಡಿಟ್ಟುಕೊಂಡು ಬಂದವರಿಗೆ ಅಷ್ಟರಲ್ಲೇ ಒಳ್ಳೆಯದೊಂದನ್ನು ಹುಡುಕಿ ಕೊಡುವುದು, ಕೆಟ್ಟು ಬಂದದ್ದನ್ನು ಬಿಚ್ಚಿ ಬೆಸೆಯುವುದು, ಇವೆರಡೇ ನನ್ನ ಕೆಲಸ. ಮೊನ್ನೆ ನನ್ನ ತಂಗಿಯ ಮಗಳು ರೂಪಾ ಕೂಡ್ಲಿಗಿಯಲ್ಲಿ ಮೊಬೈಲ್ ಅಂಗಡಿಯೊಂದಕ್ಕೆ ಕೆಲಸಕ್ಕೆ ಸೇರಿದಳು. "ದೊಡ್ಡವ್ವಾ, ಹೆಡ್‌ಫೋನ್ ಏನ್ ನೋಡಿ ಮಾರ್ಬೇಕು, ಚೂರು ಹೇಳು" ಅಂದಳು. ಬಾಯಲ್ಲಿ ಹೇಳಿದರೆ ಈ ಕಿವಿಯಲ್ಲಿ ಹೋಗಿ ಆ ಕಿವಿಯಲ್ಲಿ ಬರುತ್ತದೆ ಎಂದು ಬರೆಯಲು ಕೂತೆ. ಬರೆಯುತ್ತಾ ಹೋದಂತೆ ಹೇಳಬೇಕಾದದ್ದು ಬೇರೆಯೇ ಇದೆ ಎಂದು ಗೊತ್ತಾಯಿತು. ಅವಳು ಕೇಳಿದ್ದನ್ನು ಮೊದಲು ಹೇಳುತ್ತೇನೆ, ಕೇಳದ್ದನ್ನು ಆಮೇಲೆ.

ಹೊಸಪೇಟೆಯಲ್ಲಿ ಐ.ಟಿ.ಐ. ಓದಿ ರೇಡಿಯೋ ಮೆಕ್ಯಾನಿಕ್ ಸರ್ಟಿಫಿಕೇಟು ಹಿಡಿದುಕೊಂಡು ಬಂದಾಗ ನಮ್ಮ ಊರ ಕಡೆ ಹೆಣ್ಣುಮಗಳೊಬ್ಬಳು ಸೋಲ್ಡರಿಂಗ್ ಐರನ್ ಹಿಡಿದದ್ದನ್ನು ಯಾರೂ ಕಂಡಿರಲಿಲ್ಲ. ಅಂಗಡಿಯ ಮಾಲೀಕರು ಚನ್ನಬಸಪ್ಪನವರು. ಎಲ್ಲರೂ ಅವರನ್ನು ಧಣೇರು ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ. ಸರ್ಟಿಫಿಕೇಟನ್ನು ತಿರುಗಿಸಿ ಮುರುಗಿಸಿ ನೋಡಿ, "ನೋಡವ್ವಾ ಸರೋಜಾ, ನೀ ಕೌಂಟರ್‌ನ್ಯಾಗ ಕುಂತು ಗಿರಾಕಿ ಕೂಡ ಮಾತಾಡು. ರಿಪೇರಿ ನಾ ನೋಡ್ಕೊಂತೀನಿ" ಅಂದರು. ಆದರೆ ಹೆಡ್‌ಫೋನಿನ ಒಳಗಿನ ತಂತಿ ತಲೆಗೂದಲಿಗಿಂತ ಸಣ್ಣ. ಅದರ ಮೇಲೊಂದು ಬಣ್ಣದ ಲೇಪ ಇರುತ್ತದೆ, ಅದನ್ನು ಮೊದಲು ಸುಡದಿದ್ದರೆ ಬೆಸುಗೆ ಹಿಡಿಯುವುದಿಲ್ಲ. ಧಣೇರಿಗೆ ಚಾಳೀಸು ಬಂದಿತ್ತು. ಎರಡು ತಿಂಗಳು ಒದ್ದಾಡಿ, ಒಂದು ದಿನ ಐರನ್ನನ್ನು ನನ್ನ ಕಡೆ ತಳ್ಳಿ, "ಈ ಹಾಳು ಕೂದಲು ಕೆಲಸ ನಿಂದಾ" ಎಂದುಬಿಟ್ಟರು. ಅಂದಿನಿಂದ ಹೆಡ್‌ಫೋನು ನನ್ನ ಇಲಾಖೆ.

ಅದು ವಾಕ್‌ಮನ್ ನಮ್ಮ ಕಡೆಗೆ ಬಂದಿಳಿದ ಹೊಸತು. ಸೊಂಟಕ್ಕೊಂದು ಡಬ್ಬಿ, ತಲೆಗೊಂದು ಪಟ್ಟಿ, ಎರಡು ಕಿವಿಗೂ ಬೂದು ಬಣ್ಣದ ಸ್ಪಂಜು. ಹಡಗಲಿ, ಕೊಟ್ಟೂರು, ಹರಪನಹಳ್ಳಿ ಕಡೆಯಿಂದಲೂ ನಮ್ಮಲ್ಲಿಗೆ ಬರುತ್ತಿದ್ದರು. ಧಣೇರ ಮಾರಾಟದ ಪದ್ಧತಿ ಸರಳ. ಕೌಂಟರಿನ ಮೇಲೆ ಒಂದು ಕ್ಯಾಸೆಟ್ ಇತ್ತು, ಅದರ ತುಂಬ ಡೊಳ್ಳು, ತಮಟೆ. ಗಿರಾಕಿಯ ತಲೆಗೆ ಹೆಡ್‌ಫೋನ್ ಏರಿಸಿ, ಅದನ್ನು ಹಾಕಿ, ವಾಲ್ಯೂಮನ್ನು ತುದಿ ಮುಟ್ಟಿಸುವುದು. ಗಿರಾಕಿಯ ಕಣ್ಣು ಅಗಲವಾಗುತ್ತಿತ್ತು. "ಧಮ್ ಅಂತೈತಿ ಅಲ್ಲೇನು? ಧಮ್ ಅಂದ್ರ ಮಾಲು ಚಲೋ" ಎನ್ನುವರು. ಮಾಲು ಹೋಗುತ್ತಿತ್ತು. ವಾರಕ್ಕೆ ಅರ್ಧ ವಾಪಸ್ ಬರುತ್ತಿತ್ತು, "ಹಾಡಿನ ಮಾತಾ ತಿಳಿಯವಲ್ದು" ಎಂದು.

ಡೊಳ್ಳು ಎಂಥ ಡಬ್ಬಿಯಲ್ಲೂ ಧಮ್ ಅನ್ನುತ್ತದೆ ರೂಪಾ, ಅದರಿಂದ ಏನೂ ತಿಳಿಯುವುದಿಲ್ಲ. ನಾನು ನಮ್ಮ ಓಣಿಯ ಹೆಂಗಸರು ಸೋಬಾನೆ ಹೇಳುವಾಗ ಒಂದು ಖಾಲಿ ಕ್ಯಾಸೆಟ್ಟಿನಲ್ಲಿ ಹಿಡಿದುಕೊಂಡು ಬಂದೆ. ಆರು ಜನರ ದನಿ, ನಡುವೆ ಒಬ್ಬ ಮುದುಕಿಯ ಕೆಮ್ಮು, ಯಾರದೋ ಬಳೆ ಸದ್ದು. ಒಳ್ಳೆಯ ಹೆಡ್‌ಫೋನಿನಲ್ಲಿ ಆರು ದನಿ ಆರಾಗಿ ಕೇಳುತ್ತವೆ. ಕೆಟ್ಟದರಲ್ಲಿ ಎಲ್ಲ ಕೂಡಿ ಅಂಬಲಿಯಾಗುತ್ತದೆ. ಬೆಲೆ ಚೀಟಿಯನ್ನು ನೋಡದೆ ಇದನ್ನು ಕೇಳು. ಅಗ್ಗದ್ದರಲ್ಲೂ ಆರು ದನಿ ಬಿಡಿಸಿ ಕೊಡುವವು ಇರುತ್ತವೆ, ದುಬಾರಿಯದರಲ್ಲೂ ಅಂಬಲಿ ಇರುತ್ತದೆ. ಹಾಗಂತ ಎಲ್ಲಕ್ಕಿಂತ ಕಡಿಮೆಯದಕ್ಕೆ ಕೈ ಹಾಕಬೇಡ. ಅಗ್ಗ ಅಂತ ಮುಗ್ಗು ಜೋಳ ತಂದವರ ಗತಿ ಆಗುತ್ತದೆ.

ಆಮೇಲೆ ತಂತಿ ನೋಡು. ಹೆಡ್‌ಫೋನ್ ಸಾಯುವುದು ಕಿವಿಯ ಹತ್ತಿರ ಅಲ್ಲ, ಪಿನ್ನಿನ ಬುಡದಲ್ಲಿ. ಜನ ಅದನ್ನು ತಂತಿ ಹಿಡಿದೇ ಎಳೆಯುತ್ತಾರೆ, ದನ ಕಟ್ಟಿದ ಹಗ್ಗ ಎಳೆದಂತೆ. ಪಿನ್ನಿನ ಬುಡದಲ್ಲಿ ಬಗ್ಗುವ ರಬ್ಬರಿನ ತೋಳು ಇದ್ದರೆ ಒಂದು ವರ್ಷ ಹೆಚ್ಚು ಬಾಳುತ್ತದೆ. ಪಟ್ಟಿಯನ್ನು ತಲೆಗೆ ಹಾಕಿಸಿ ಹತ್ತು ನಿಮಿಷ ಹಾಗೇ ಕೂರಿಸು, ಚಹಾ ತರಿಸು. ಒಂದು ನಿಮಿಷಕ್ಕೆ ಎಲ್ಲವೂ ಹಗುರ, ಹತ್ತು ನಿಮಿಷಕ್ಕೆ ಯಾವುದು ಕಿವಿ ಹಿಂಡುತ್ತದೆ ಎಂದು ತಿಳಿಯುತ್ತದೆ. ಓಲೆ, ಝುಮುಕಿ ಹಾಕಿದ ಹೆಣ್ಣುಮಕ್ಕಳಿಗೆ ದೊಡ್ಡ ಬಟ್ಟಲಿನದು ಆಗಿ ಬರುವುದಿಲ್ಲ. ಇದು ಯಾವ ಕಂಪನಿಯ ಪುಸ್ತಕದಲ್ಲೂ ಬರೆದಿರಲಿಲ್ಲ, ನನಗೆ ಕಿವಿ ನೋವು ಬಂದು ಗೊತ್ತಾದದ್ದು.

ಎಲ್ಲಕ್ಕಿಂತ ಮೊದಲು, ಎಲ್ಲಿ ಕೂತು ಏನು ಕೇಳುತ್ತೀರಿ ಎಂದು ಕೇಳು. ಕೋಗಳಿಯ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದ ಟೀಚರೊಬ್ಬರು ಬಂದರು. ಧಣೇರು ಎಲ್ಲಕ್ಕಿಂತ ದೊಡ್ಡ, ಕಿವಿ ಪೂರ್ತಿ ಮುಚ್ಚುವ ಸೆಟ್ಟನ್ನು ಕೆಳಗಿಳಿಸಿದರು. ನಾನು ನಡುವೆ ಬಾಯಿ ಹಾಕಿ, "ಟೀಚರ್, ನೀವು ಕೇಳೋದು ಏನ್ರಿ?" ಅಂದೆ. ಅವರು ನಾಚಿಕೊಂಡು, "ಇಂಗ್ಲಿಷ್ ಮಾತಾಡೋದು ಕಲಿಸೋ ಕ್ಯಾಸೆಟ್ರಿ. ಬಸ್ಸಿನ್ಯಾಗ ಕೇಳ್ಕೊಂತ ಹೋಗೋಣು ಅಂತ" ಎಂದರು. ಬರೀ ಮಾತಿಗೆ ಧಮ್ ಯಾಕೆ? ಸ್ಪಂಜಿನ ಸಣ್ಣದೊಂದನ್ನು ಕೊಟ್ಟೆ, ದೊಡ್ಡದರ ಮೂರನೆಯ ಒಂದು ಪಾಲಿನ ಬೆಲೆಗೆ. ಕಂಡಕ್ಟರ್ ಕೂಗಿದ್ದೂ ಕೇಳುತ್ತದೆ, ಪಾಠವೂ ಕೇಳುತ್ತದೆ. ಅವರು ಹೋದ ಮೇಲೆ ಧಣೇರು, "ನಿನ್ನಂಥಾಕಿ ಇನ್ನೊಬ್ಬಾಕಿ ಇದ್ರ ಅಂಗಡಿ ಬಾಗ್ಲಾ ಹಾಕ್ಕೊಂಡು ಹೋಗಬೌದು" ಅಂದರು. ಆದರೆ ಆ ಟೀಚರ ಹಿಂದೆ ಅದೇ ಬಸ್ಸಿನಲ್ಲಿ ಹೋಗುವ ಇನ್ನೂ ನಾಲ್ವರು ಟೀಚರು ಬಂದರು. ಧಣೇರು ಆ ಮಾತನ್ನು ಮತ್ತೆ ಎತ್ತಲಿಲ್ಲ.

ಹೊಳಲು ಕಡೆಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್ ಒಬ್ಬ ಬಂದು, "ಗಾಡಿ ಹೊಡಿಬೇಕಾದ್ರ ಬ್ಯಾಸರಾ ಆಗ್ತೈತ್ರಿ, ಚಲೋದೊಂದು ಕೊಡ್ರಿ" ಅಂದ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. "ಹಿಂದಿನ ಗಾಡಿ ಹಾರ್ನು ಯಾರು ಕೇಳ್ಬೇಕಪ್ಪಾ, ನಾನು ಬಂದು ಕೇಳ್ಲೇನು?" ಎಂದು ಪೆಟ್ಟಿಗೆ ಮುಚ್ಚಿದೆ. ಅವನು ಹಡಗಲಿಯಲ್ಲಿ ಕೊಂಡುಕೊಂಡನಂತೆ. ಕೊಳ್ಳಲಿ, ನನ್ನ ಕೈಯಿಂದ ಹೋಗಲಿಲ್ಲವಲ್ಲ. ಇಂಥ ಮಾತು ಹೇಳಿಕೊಂಡು ನಾನು ಬಹಳ ದಿನ ಬೀಗಿದ್ದೇನೆ. ಅದಕ್ಕೇ ಮುಂದಿನದನ್ನು ಬರೆಯುವುದು ಕಷ್ಟ.

ಈಗ ಕೆಂಪು ದಾರದ ವಿಷಯ. ಹೆಡ್‌ಫೋನಿನ ಬಲಗಡೆಗೆ ಇಂಗ್ಲಿಷಿನ ಆರ್ ಅಕ್ಷರ, ಎಡಗಡೆಗೆ ಎಲ್ ಅಕ್ಷರ ಕೊರೆದಿರುತ್ತಾರೆ, ಇರುವೆ ಕಾಲಿನಷ್ಟು ಸಣ್ಣದು. ನಮ್ಮ ಗಿರಾಕಿಗಳಲ್ಲಿ ಅರ್ಧ ಜನಕ್ಕೆ ಇಂಗ್ಲಿಷ್ ಬಾರದು, ಇನ್ನರ್ಧಕ್ಕೆ ಅದು ಕಾಣದು. ಹಿಂದುಮುಂದಾಗಿ ಹಾಕಿಕೊಂಡರೆ ಬಲಗಡೆಯ ವಾದ್ಯ ಎಡಕ್ಕೆ ಬರುತ್ತದೆ, ಕೆಲವು ಕಿವಿಗೆ ಸರಿಯಾಗಿ ಕೂಡುವುದೂ ಇಲ್ಲ. ಅದಕ್ಕೆ ನಾನು ನಮ್ಮ ಅಂಗಡಿಯಿಂದ ಹೋಗುವ ಪ್ರತಿ ಹೆಡ್‌ಫೋನಿನ ಬಲಗಡೆಯ ತಂತಿಗೆ ಒಂದು ಎಳೆ ಕೆಂಪು ದಾರ ಕಟ್ಟಿ ಕೊಡುತ್ತಿದ್ದೆ. "ಉಣ್ಣೋ ಕೈ ಕಡಿ ಕೆಂಪು" ಎಂದು ಹೇಳಿ ಕಳಿಸುವುದು. ಇದು ಎಷ್ಟು ಹೆಸರಾಯಿತೆಂದರೆ ಕೊಟ್ಟೂರಿನವರು ಬಂದು "ಕೆಂಪು ದಾರದ ಅಂಗಡಿ ಯಾವುದ್ರಿ" ಎಂದು ಕೇಳುತ್ತಿದ್ದರು. ಯಾರಾದರೂ ದಾರ ಎಡಕ್ಕೆ ಬರುವ ಹಾಗೆ ಹಾಕಿಕೊಂಡು ಬಂದರೆ ರಸ್ತೆಯಲ್ಲೇ ನಿಲ್ಲಿಸಿ ಬೈಯುತ್ತಿದ್ದೆ. ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ ನಾನು.

ನಮ್ಮ ಅಂಗಡಿಯಿಂದ ನಾಲ್ಕು ಹೆಜ್ಜೆಯಲ್ಲಿ ಒಂದು ಹಿಟ್ಟಿನ ಗಿರಣಿ ಇತ್ತು. ಅದನ್ನು ನಡೆಸುತ್ತಿದ್ದವನು ಇಟ್ಟಿಗಿ ಕಡೆಯ ಕೊಟ್ರೇಶಪ್ಪ, ಆಗ ಮೂವತ್ತೈದು ದಾಟಿರಲಿಲ್ಲ. ಹುಬ್ಬು, ಮೀಸೆ, ರೆಪ್ಪೆ ಎಲ್ಲ ಜೋಳದ ಹಿಟ್ಟಿನಲ್ಲಿ ಬೆಳ್ಳಗೆ. ಅವನಿಗೆ ತತ್ವಪದದ ಹುಚ್ಚು. ಸೋಮವಾರ ಭಜನೆಗೆ ಕೂತರೆ ದನಿ ಎತ್ತಿ ಹಾಡುತ್ತಿದ್ದ, ಜನ ಅವನ ಸಲುವಾಗಿಯೇ ಬರುತ್ತಿದ್ದರು. ಹೊಸ ಪದ ಕಲಿಯಬೇಕೆಂದು ಒಂದು ವಾಕ್‌ಮನ್ ಕೊಂಡ. ಮನೆಯಲ್ಲಿ ಟೇಪು ಇರಲಿಲ್ಲ, ಇದೊಂದೇ. ನಾನೇ ಆರಿಸಿ ಸ್ಪಂಜಿನ ಹೆಡ್‌ಫೋನು ಕೊಟ್ಟೆ, ಕೆಂಪು ದಾರ ತೋರಿಸಿದೆ. "ಉಣ್ಣೋ ಕೈ ಕಡಿ. ತಿಳೀತ್ರಿ ಅಕ್ಕಾರ" ಅಂದ. ಮುಂದೆ ಅವನು ಒಂದು ದಿನವೂ ತಪ್ಪಿ ಹಾಕಿಕೊಂಡದ್ದನ್ನು ನಾನು ಕಾಣೆ.

ಕೆಲವು ತಿಂಗಳ ಮೇಲೆ ಬಂದು, "ಅಕ್ಕಾರ, ಇದು ಗಿರಣ್ಯಾಗ ಏನೂ ಕೇಳ್ಸಂಗಿಲ್ಲ. ಇನ್ನ ಜೋರು ಬರೋದು ಕೊಡ್ರಿ" ಎಂದ. ಕೊಟ್ಟೆ. ಮತ್ತೆ ಬಂದ, ಮತ್ತೂ ಜೋರು ಬೇಕೆಂದ. ಕಿವಿ ಪೂರ್ತಿ ಮುಚ್ಚುವ ದೊಡ್ಡ ಬಟ್ಟಲಿನದನ್ನು ಕೊಟ್ಟೆ. ಗಿರಣಿಯ ಬೆಲ್ಟಿನ ಸದ್ದಿನ ಮೇಲೆ ಹಾಡು ಕೇಳಬೇಕಾದರೆ ಹಾಡು ಬೆಲ್ಟಿಗಿಂತ ದೊಡ್ಡದಾಗಬೇಕಲ್ಲ. ಬಸ್ ಡ್ರೈವರನಿಗೆ ಬೈದ ಬಾಯಿ ನನ್ನದು. ಇವನಿಗೆ ಮಾತ್ರ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಎಲ್ಲಿ ಕೂತು ಕೇಳುತ್ತಾನೆ ಎಂದು ಗೊತ್ತಿತ್ತು, ದಿನಾ ನೋಡುತ್ತಿದ್ದೆ. ಬಲಗಡೆಗೆ ಬೆಲ್ಟು, ಎಡಗಡೆಗೆ ಬಾಗಿಲು, ನಡುವೆ ಇವನು.

ಮುಂದಿನ ದೂರು ಬೇರೆ. "ಬಲಗಡಿದು ಬಂದಾಗೈತ್ರಿ." ಹೆಡ್‌ಫೋನ್ ಅಂಗಡಿಯಲ್ಲಿ ಇದಕ್ಕಿಂತ ಮಾಮೂಲಿನ ದೂರು ಇಲ್ಲ. ಹತ್ತರಲ್ಲಿ ಎಂಟು ಇದೇ ಇರುತ್ತದೆ, ಪಿನ್ನಿನ ಬುಡದಲ್ಲಿ ಒಂದು ತಂತಿ ಹರಿದಿರುತ್ತದೆ. ನಾನು ನೋಡುವುದೇ ಬೇಡ ಎಂದು ಪಿನ್ನು ಕತ್ತರಿಸಿ ಹೊಸದು ಬೆಸೆದು ಕೊಟ್ಟೆ. ನನ್ನ ಕಿವಿಗೆ ಹಾಕಿಕೊಂಡು ನೋಡಿದೆ, ಎರಡೂ ಕಡೆ ಚೆನ್ನಾಗಿ ಕೇಳುತ್ತಿತ್ತು. "ಈಗ ನೋಡಪ್ಪಾ" ಅಂದೆ. ಅವನು ಹಾಕಿಕೊಂಡು ಬಲಗಡೆಯ ಬಟ್ಟಲನ್ನು ಎರಡು ಸಲ ಒತ್ತಿ ನೋಡಿ, "ಹೂಂರಿ, ಪರವಾಗಿಲ್ಲ" ಎಂದು ಹೋದ. ಎರಡು ತಿಂಗಳಿಗೆ ಮತ್ತೆ ಅದೇ. ಈ ಸಲ ತಂತಿಯನ್ನೇ ಬದಲಿಸಿದೆ. ಮೂರನೆಯ ಸಲ ಹೊಸ ಹೆಡ್‌ಫೋನನ್ನೇ ಕೊಟ್ಟೆ, ಬಲಕ್ಕೆ ಹೊಸ ಕೆಂಪು ದಾರ ಕಟ್ಟಿ. ಹದಿನೈದು ದಿನಕ್ಕೆ ಅದನ್ನೂ ತಂದು ಕೌಂಟರಿನ ಮೇಲೆ ಇಟ್ಟ. "ಇದೂ ಹಂಗಾ ಐತ್ರಿ ಅಕ್ಕಾರ. ಬಲಗಡಿದು ಸತ್ತೈತಿ."

ಅವತ್ತು ಸಂತೆ. ಅಂಗಡಿ ತುಂಬ ಜನ. ನನಗೆ ಸಿಟ್ಟು ನೆತ್ತಿಗೇರಿತು. "ಏನ್ ಮಾಡ್ತೀಯಪ್ಪಾ ನೀನು? ಹಿಟ್ಟಿನ ಚೀಲದಾಗ ಕಟ್ಟಿ ತುಳೀತೀಯೇನು? ಇಡೀ ತಾಲೂಕಿನ್ಯಾಗ ನಿನ್ನೊಬ್ಬಂದಾ ಕೆಡ್ತೈತಲ್ಲ. ಕೋಣನ ಕೈಗೆ ಕೊಟ್ಟಂಗಾತು" ಅಂದೆ. ಜನ ನಕ್ಕರು. ಕೊಟ್ರೇಶಪ್ಪ ನಗಲಿಲ್ಲ. ಹೆಡ್‌ಫೋನನ್ನು ಎತ್ತಿಕೊಂಡು, ಹಿಟ್ಟಿನ ಕೈಯನ್ನು ಪಂಚೆಗೆ ಒರೆಸುತ್ತಾ ಹೊರಟು ಹೋದ. ಆಮೇಲೆ ಬಹಳ ದಿನ ಅವನು ನಮ್ಮ ಅಂಗಡಿ ಹತ್ತಲಿಲ್ಲ.

ಈ ನಡುವೆ ಓಣಿಯಲ್ಲಿ ಅವನ ಬಗ್ಗೆ ಒಂದು ಮಾತು ಹುಟ್ಟಿತು. ಕೊಟ್ರೇಶಿಗೆ ಸೊಕ್ಕು ಬಂದಿದೆ, ಕರೆದರೆ ತಿರುಗಿ ನೋಡುವುದಿಲ್ಲ, ನಾಲ್ಕು ಜನ ಮೆಚ್ಚಿ ಹಾಡು ಕೇಳಿದ್ದಕ್ಕೆ ತಲೆ ತಿರುಗಿದೆ ಎಂದು. ಭಜನೆಯಲ್ಲೂ ಅವನ ದನಿ ಆಗಾಗ ಪೇಟಿಯ, ಅಂದರೆ ಹಾರ್ಮೋನಿಯಂನ, ಶ್ರುತಿ ಬಿಟ್ಟು ಹೋಗುತ್ತಿತ್ತು. ಪೇಟಿಯವನು ಅವನ ಬಲಗಡೆ ಕೂಡುತ್ತಿದ್ದ. ನಾನೂ ಕೇಳಿದ್ದೆ ಈ ಮಾತುಗಳನ್ನು.

ಒಂದು ಬೆಳಿಗ್ಗೆ ಕೊಟ್ರೇಶಪ್ಪ ಹೆಂಡತಿ ಗಂಗವ್ವನ ಜೊತೆ ಬಂದ. ಬರಲು ಒಲ್ಲೆ ಅಂದವನನ್ನು ಅವಳೇ ಎಳೆದುಕೊಂಡು ಬಂದದ್ದು ಕಾಣುತ್ತಿತ್ತು. "ಅಕ್ಕಾರ, ಇಲಿ ಇದರ ದಾರ ಕಡದೈತಿ. ಬ್ಯಾರೆ ಕಟ್ಟಿ, ಇನ್ನೊಂದ್ಸಲ ನೋಡಿ ಕೊಡ್ರಿ. ಪದ ಕಲಿಯಾಕ ಆಗವಲ್ದಂತ ಊಟಾನೂ ಸರಿ ಮಾಡವಲ್ರು" ಎಂದಳು. ನಾನು ಪರೀಕ್ಷೆಗೆ ಕ್ಯಾಸೆಟ್ ಹಾಕಿ, "ತಲಿಗೆ ಹಾಕ್ಕೋ" ಅಂದೆ. ದಾರ ಇರಲಿಲ್ಲವಲ್ಲ, ಅವನು ಕೈಗೆ ಬಂದಂತೆ ಹಾಕಿಕೊಂಡ. "ಬಲಗಡಿದು ಇಲ್ರಿ. ಎಡಗಡಿದು ಐತಿ" ಅಂದ.

ನಾನು ಅವನ ಬಲಗಿವಿಯ ಬಟ್ಟಲನ್ನು ನೋಡಿದೆ. ಅದರ ಮೇಲಿದ್ದದ್ದು ಎಲ್ ಅಕ್ಷರ. ಅಂದರೆ ಅದು ಎಡಗಡೆಯ ಬಟ್ಟಲು. ಇಷ್ಟು ದಿನ ಅವನೇ ಚೆನ್ನಾಗಿದೆ ಎಂದು ಹೇಳುತ್ತಿದ್ದ ಬಟ್ಟಲು ಅದು.

ತಿರುಗಿಸಿ ಹಾಕಿದೆ. "ಈಗ?" "ಈಗೂ ಬಲಗಡಿದು ಇಲ್ರಿ." ಮತ್ತೆ ತಿರುಗಿಸಿದೆ. ಅದೇ ಉತ್ತರ. ಹೆಡ್‌ಫೋನು ಕೆಟ್ಟಿದ್ದರೆ ಕೇಡು ಅದರ ಜೊತೆ ಇನ್ನೊಂದು ಕಿವಿಗೆ ಹೋಗಬೇಕು. ಕೇಡು ಇದ್ದಲ್ಲೇ ಇತ್ತು. ಹೆಡ್‌ಫೋನ್ ತೆಗೆದಿಟ್ಟು, ಅವನ ಎಡಗಿವಿಯನ್ನು ನನ್ನ ಅಂಗೈಯಿಂದ ಗಟ್ಟಿಯಾಗಿ ಮುಚ್ಚಿ, ಹಿಂದೆ ನಿಂತು, "ಕೊಟ್ರೇಶಪ್ಪಾ" ಎಂದು ಕರೆದೆ. ಅವನು ಬೀದಿ ನೋಡುತ್ತಾ ನಿಂತಿದ್ದ. ಇನ್ನೂ ಜೋರಾಗಿ ಕರೆದೆ. ಎದುರಿಗಿದ್ದ ಗಂಗವ್ವ ಬಾಯಿಗೆ ಸೆರಗು ಹಿಡಿದಳು. ಅವಳ ಮುಖ ನೋಡಿ ಅವನಿಗೆ ಏನೋ ಆಗಿದೆ ಎಂದು ಗೊತ್ತಾಯಿತು. "ಕರದ್ರೇನ್ರಿ ಅಕ್ಕಾರ?" ಎಂದು ಕೇಳಿದ.

ತಂತಿಯ ಮೇಲೆ ಕೆಂಪು ದಾರ ಇರದಿದ್ದರೆ ಅವನು ಒಂದು ವರ್ಷದ ಹಿಂದೆಯೇ ಯಾವತ್ತಾದರೂ ಅದನ್ನು ಹಿಂದುಮುಂದಾಗಿ ಹಾಕಿಕೊಂಡಿರುತ್ತಿದ್ದ. ಆಗ ಅವನಿಗೇ ತಿಳಿಯುತ್ತಿತ್ತು. ತಪ್ಪಿ ಹಾಕಿಕೊಳ್ಳದ ಹಾಗೆ ನಾನು ಕಾವಲು ಕಾದಿದ್ದೆ.

ಮರುದಿನ ಹರಪನಹಳ್ಳಿ ಮೇಲೆ ದಾವಣಗೆರೆಗೆ ಮೂವರೂ ಹೋದೆವು. ಕಿವಿಯ ಡಾಕ್ಟರು ಅವನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ತಲೆಗೊಂದು ಹೆಡ್‌ಫೋನ್ ಹಾಕಿದರು. ಅದರ ಬಲಗಡೆಯ ಬಟ್ಟಲು ಕೆಂಪು, ಎಡಗಡೆಯದು ನೀಲಿ. ಸದ್ದು ಕೇಳಿದಾಗ ಬೆರಳೆತ್ತಬೇಕು. ಎಡಗಿವಿಯ ಪಾಳಿಯಲ್ಲಿ ಬೆರಳು ಏಳುತ್ತಿತ್ತು, ಕೆಲವು ಸಲ ತಡವಾಗಿ. ಬಲಗಿವಿಯ ಪಾಳಿಯಲ್ಲಿ ಅವನು ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಈಗ ಬಂದೀತು ಎಂದು ಡಾಕ್ಟರ ಮುಖವನ್ನೇ ನೋಡುತ್ತಾ ಕೂತಿದ್ದ.

ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಬಲಗಿವಿಯ ನರ ಹೋಗಿದೆ, ಅದು ವಾಪಸ್ ಬರುವುದಿಲ್ಲ. ಗಿರಣಿ ಸದ್ದು ಅರ್ಧ ತಿಂದಿದೆ, ಅದರ ಮೇಲೆ ಹಾಡಿನ ಸದ್ದು ಉಳಿದರ್ಧ ತಿಂದಿದೆ. ಎಡಗಿವಿಗೂ ಶುರುವಾಗಿದೆ, ಅದನ್ನಾದರೂ ಉಳಿಸಿಕೊಳ್ಳಿ ಅಂದರು. ಆಮೇಲೆ ಚೀಟಿ ಬರೆಯುತ್ತಾ, "ವರ್ಷದ ಮೇಲಾಗಿದೆ ಅಂತೀರಿ. ಇಷ್ಟು ದಿನ ಯಾರಿಗೆ ತೋರಿಸ್ತಿದ್ರಿ?" ಎಂದು ಕೇಳಿದರು.

ಕೊಟ್ರೇಶಪ್ಪ ಒಂದಿಷ್ಟೂ ಕಪಟವಿಲ್ಲದೆ, ಎಡಗಿವಿಯನ್ನು ಅವರ ಕಡೆಗೆ ಮಾಡಿಕೊಂಡು ಹೇಳಿದ. "ಇವರಿಗೇರಿ. ನಮ್ಮ ಅಕ್ಕಾರಿಗೆ. ಮೂರು ಸಲ ರಿಪೇರಿ ಮಾಡಿಕೊಟ್ಟಾರ."

ಡಾಕ್ಟರು ನನ್ನ ಕಡೆ ನೋಡಿದರು. ನಾನು ಯಾರು ಎಂದು ಹೇಳಬೇಕಾಯಿತು. ಹೇಳಿದೆ.

ಬಸ್ಸಿನಲ್ಲಿ ವಾಪಸ್ ಬರುವಾಗ ಗಂಗವ್ವ ನನ್ನ ಪಕ್ಕ ಕೂತಳು, ಅವನು ಮುಂದಿನ ಸೀಟಿನಲ್ಲಿ. ಬಸ್ಸು ಹರಪನಹಳ್ಳಿ ದಾಟಿತು. ಆಮೇಲೆ, "ಕಿವಿ ಹೋಗಿದ್ದಕ್ಕ ನಾ ನಿಮಗೇನೂ ಅನ್ನಂಗಿಲ್ರಿ ಅಕ್ಕಾರ. ಗಿರಣಿ ನೀವು ಇಟ್ಟಿದ್ದಲ್ಲ. ಆದ್ರ ಅವತ್ತು ಮಂದ್ಯಾಗ ಬೈದ್ರಲ್ಲ, ಅದನ್ನ ಅವರು ಇನ್ನ ಮರ್ತಿಲ್ಲ. ಅದಕ್ಕಾ ಅಷ್ಟು ದಿನ ಬರ್ಲಿಲ್ಲ" ಅಂದಳು. ಊರಿಗೆ ಇಳಿದ ಮೇಲೆ ಬಸ್ ನಿಲ್ದಾಣದಲ್ಲೇ ಅವನ ಎದುರು ನಿಂತು, "ತಪ್ಪಾತಪ್ಪಾ ತಮ್ಮಾ. ಕೆಟ್ಟಿದ್ದು ನಿನ್ನ ಕೈಯಿಂದಲ್ಲ, ನನ್ನ ಕಣ್ಣಿಗೆ ಕಾಣಲಿಲ್ಲ" ಅಂದೆ. ಅವನು ಗಾಬರಿಯಾಗಿ, "ಬಿಡ್ರಿ ಅಕ್ಕಾರ, ಮಂದಿ ನೋಡ್ತಾರ" ಅಂದ.

ಧಣೇರಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಕೆಲಸ ಬಿಡು ಅಂದರೂ ಬಿಡುವವಳಿದ್ದೆ. ಅವರು ಕನ್ನಡಕ ತೆಗೆದು ಕೆಳಗಿಟ್ಟರು. "ಜೋರು ಬಂದ್ರ ಚಲೋ ಅಂತ ಈ ಊರಿಗೆ ಕಲಿಸಿದವ ನಾನು. ನೀನೊಬ್ಬಾಕಿ ಹೊರಬ್ಯಾಡ" ಎಂದರು. ಎದ್ದು ಹೋಗಿ ಕೌಂಟರಿನ ಮೇಲಿದ್ದ ಡೊಳ್ಳಿನ ಕ್ಯಾಸೆಟ್ಟನ್ನು ತೆಗೆದು ಒಳಗಿನ ಕಪಾಟಿಗೆ ಹಾಕಿದರು. ಅವರ ಕೈಕೆಳಗೆ ಅಷ್ಟು ವರ್ಷ ಇದ್ದೆ, ಜಗಳ ಲೆಕ್ಕವಿಲ್ಲದಷ್ಟು ಆಡಿದ್ದೇನೆ. ಆ ಒಂದು ದಿನಕ್ಕೆ ನಾನು ಅವರಿಗೆ ಇವತ್ತಿಗೂ ಋಣಿ.

ಅವತ್ತಿನಿಂದ ನನ್ನ ಕೆಲಸದ ಕ್ರಮ ಬದಲಾಯಿತು ರೂಪಾ. ಒಂದು ಕಡೆ ಕೇಳುತ್ತಿಲ್ಲ ಎಂದು ಯಾರೇ ಬರಲಿ, ಕತ್ತರಿ ಮುಟ್ಟುವ ಮೊದಲು ತಿರುಗಿಸಿ ಹಾಕಿಸುತ್ತಿದ್ದೆ. ಕೇಡು ತಿರುಗಿದರೆ ಹೆಡ್‌ಫೋನ್ ನನ್ನದು. ಕೇಡು ನಿಂತಲ್ಲೇ ನಿಂತರೆ ಕಿವಿ ಡಾಕ್ಟರದು. ಕೆಲವರು ನಕ್ಕರು, ಕೆಲವರು ಸಿಟ್ಟಾದರು, "ಹೆಡ್‌ಫೋನ್ ಕೊಳ್ಳಾಕ ಬಂದ್ರ ಕಿವಿ ಪರೀಕ್ಷಿ ಮಾಡ್ತಾಳ" ಅಂದರು. ನಾಲ್ಕೈದು ಜನ ಸಕಾಲಕ್ಕೆ ಡಾಕ್ಟರ ಹತ್ತಿರ ಹೋದರು. ಇನ್ನೂ ಜೋರು ಬರುವುದು ಬೇಕು ಎಂದು ಎರಡನೆಯ ಸಲ ಬಂದವರಿಗೆ ಮಾಲು ತೋರಿಸುವ ಮೊದಲು ಚಹಾ ಕೊಟ್ಟು ಕೂರಿಸಿ, ಯಾಕೆ ಬೇಕು ಎಂದು ಕೇಳುತ್ತಿದ್ದೆ. ಕ್ಯಾಸೆಟ್ ಹೋಗಿ ಸಿಡಿ ಬಂತು, ಬೆರಳುದ್ದದ ಎಂಪಿ-ತ್ರೀ ಬಂತು, ಆಮೇಲೆ ಮೊಬೈಲಿನಲ್ಲೇ ಹಾಡು ಬಂತು. ಸ್ಪಂಜು ಹೋಗಿ ಕಿವಿಯ ಒಳಗೇ ತುರುಕುವ ರಬ್ಬರಿನ ಬಿರಡೆ ಬಂತು. ಅದು ಹೊರಗಿನ ಸದ್ದನ್ನು ತಡೆಯುತ್ತದೆ, ಆದ್ದರಿಂದ ಕಡಿಮೆ ವಾಲ್ಯೂಮಿನಲ್ಲೇ ಹಾಡು ಕೇಳುತ್ತದೆ. ಅಷ್ಟು ಒಳ್ಳೆಯದು. ಆದರೆ ಜನ ಅದನ್ನು ಹಾಕಿಕೊಂಡೂ ತುದಿ ಮುಟ್ಟಿಸುತ್ತಾರೆ. ನೀನು ಮಾರುವ ಸಾಮಾನು ಬೇರೆಯಾದರೂ ಎದುರಿಗೆ ಬರುವ ಕಿವಿ ಅದೇ.

ದಾವಣಗೆರೆಯಿಂದ ಬಂದ ಮೇಲೆ ಕೊಟ್ರೇಶಪ್ಪ, ಸದ್ದು ತಡೆಯಲು ಡಾಕ್ಟರು ಕೊಟ್ಟ ಬಿರಡೆಗಳನ್ನು ಕಿವಿಗೆ ಹಾಕಿಕೊಂಡು ಗಿರಣಿಯಲ್ಲಿ ಕೆಲಸ ಮುಂದುವರಿಸಿದ. ವಾಕ್‌ಮನ್ ಮುಟ್ಟುವುದನ್ನು ಬಿಟ್ಟ. ಸೋಮವಾರದ ಭಜನೆಗೂ ಹೋಗುವುದನ್ನು ಬಿಟ್ಟ. ಗಂಗವ್ವ ಹಿಟ್ಟಿನ ಡಬ್ಬಿ ಕೊಡಲು ಬಂದಾಗ, "ಮಾತಾ ಕಡಿಮಿ ಮಾಡ್ಯಾರ ಅಕ್ಕಾರ. ನಾ ಹಾಡೋದು ಮುಗೀತು ಅಂತಾರ" ಎಂದಳು. ಅವಳು ಅತ್ತದ್ದನ್ನು ನಾನು ಮೊದಲು ನೋಡಿದ್ದು ಅವತ್ತು.

ನಾನು ಒಂದು ಸ್ಪಂಜಿನ ಹಗುರ ಹೆಡ್‌ಫೋನ್ ತೆಗೆದುಕೊಂಡು ಕೂತೆ. ಬಲಗಡೆಗೆ ಹೋಗುವ ತಂತಿಯನ್ನು ಕತ್ತರಿಸಿ ಎಡಗಡೆಯದಕ್ಕೆ ಕೂಡಿಸಿದೆ. ಎರಡಕ್ಕೂ ನಡುವೆ ಒಂದೊಂದು ಸಣ್ಣ ರೆಸಿಸ್ಟರ್ ಇಟ್ಟು ಬೆಸೆದೆ. ಹಾಗೆ ಮಾಡಿದರೆ ಎರಡೂ ಕಡೆಯ ಹಾಡು ಕೂಡಿ ಒಂದೇ ಕಿವಿಗೆ ಬರುತ್ತದೆ, ಮತ್ತು ವಾಲ್ಯೂಮನ್ನು ತುದಿಗೆ ತಿರುಗಿಸಿದರೂ ಸದ್ದು ಒಂದು ಮಟ್ಟಕ್ಕಿಂತ ಮೇಲೇರುವುದಿಲ್ಲ. ಎರಡು ಸಲ ಬೆಸುಗೆ ಬಿಟ್ಟಿತು, ಮೂರನೆಯ ಸಲ ಹಿಡಿಯಿತು. ದಾರ ಕಟ್ಟಲಿಲ್ಲ.

ಮಧ್ಯಾಹ್ನ ಗಿರಣಿ ನಿಂತಿದ್ದ ಹೊತ್ತು ನೋಡಿ ಅದನ್ನು ಹಿಡಿದುಕೊಂಡು ಹೋದೆ. ಅವನು ಜೋಳದ ಚೀಲದ ಮೇಲೆ ಕೂತಿದ್ದ. "ಬ್ಯಾಡ್ರಿ ಅಕ್ಕಾರ" ಅಂದ. ನಾನು ಎಡಗಡೆ ನಿಂತು, "ಒಂದ್ಸಲ, ನನ್ನ ಸಲುವಾಗಿ" ಅಂದೆ. ಅಲ್ಲೇ ಮೂಲೆಯಲ್ಲಿದ್ದದ್ದು ಅವನದೇ ವಾಕ್‌ಮನ್, ಅದರಲ್ಲಿ ಒಂದು ವರ್ಷದಿಂದ ಅವನು ಕಲಿಯುತ್ತಿದ್ದ ತತ್ವಪದದ ಕ್ಯಾಸೆಟ್ ಹಾಗೇ ಇತ್ತು. ಹೆಡ್‌ಫೋನನ್ನು ನಾನೇ ಅವನ ತಲೆಗೆ ಹಾಕಿ ಗುಂಡಿ ಒತ್ತಿದೆ.

"ದನಿ ಸಣ್ಣದೈತ್ರಿ" ಅಂದ. "ಅಷ್ಟಾ ಇರೋದು, ಹೆಚ್ಚಾಗಂಗಿಲ್ಲ. ಕೇಳು" ಅಂದೆ.

ಕೇಳುತ್ತಾ ಕೂತ. ಮೊದಲ ಪದ ಮುಗಿದು ಎರಡನೆಯದು ಶುರುವಾಗಿರಬೇಕು, ಅವನ ಕತ್ತು ನೆಟ್ಟಗಾಯಿತು. ಗುಂಡಿ ಒತ್ತಿ ಹಿಂದಕ್ಕೆ ಓಡಿಸಿ ಮತ್ತೆ ಕೇಳಿದ. ಮತ್ತೆ ಓಡಿಸಿದ. ಬಲಗೈ ಬೆರಳುಗಳು ತೊಡೆಯ ಮೇಲೆ ಪೇಟಿಯ ಬಿಳಿ-ಕಪ್ಪು ಮನೆಗಳನ್ನು ಒತ್ತುವಂತೆ ಆಡತೊಡಗಿದವು. ಆಮೇಲೆ ಮುಖವೆತ್ತಿ, "ಅಕ್ಕಾರ, ಇದರಾಗ ಪೇಟಿ ಐತಲ್ರಿ" ಅಂದ.

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಸಣ್ಣ ಊರಿನಲ್ಲಿ ಹಿಡಿದ ಕ್ಯಾಸೆಟ್ಟು ಅದು. ಅಂಥ ಕಡೆ ರೆಕಾರ್ಡ್ ಮಾಡುವವರು ತಬಲಾವನ್ನು ಒಂದು ಬದಿಗೆ, ಪೇಟಿಯನ್ನು ಪೂರ್ತಿ ಇನ್ನೊಂದು ಬದಿಗೆ ಹಾಕಿಬಿಡುತ್ತಿದ್ದರು. ಪೇಟಿ ಬಲಗಡೆ ಇತ್ತು. ಅಷ್ಟೂ ದಿನ ಅವನು ಆ ಪದಗಳನ್ನು ಪೇಟಿ ಇಲ್ಲದೆ, ಶ್ರುತಿ ಇಲ್ಲದೆ ಕಲಿತಿದ್ದ.

"ಈಗ ಹೊಸದಾಗಿ ಹಾಕ್ಯಾರೇನ್ರಿ, ಇಲ್ಲಾ ಮೊದ್ಲಿಂದ ಇತ್ತೇನ್ರಿ?" ಎಂದು ಕೇಳಿದ. ಹಿಟ್ಟು ಮೆತ್ತಿದ ಅವನ ಕೆನ್ನೆಯ ಮೇಲೆ ಎರಡು ಗೆರೆ ಇಳಿದಿದ್ದವು.

ನಾನು ಅವನ ಎಡಗಡೆಗೇ ಚೀಲದ ಮೇಲೆ ಕೂತೆ. "ಮೊದ್ಲಿಂದ್ಲೂ ಇತ್ತಪ್ಪಾ" ಅಂದೆ.